ನೂರಕ್ಕೆ ಎಷ್ಟು, ಎಷ್ಟು ಕಾಲಕ್ಕೆ?

ಕೈಗೆಟಕುವಲ್ಲಿ ಒಂದು ಪೆನ್ನು, ಒಂದು ಹಳೆಯ ಲಗ್ನಪತ್ರಿಕೆ ಇದ್ದರೆ ತೆಗೆದಿಟ್ಟುಕೊಳ್ಳಿ. ಲಗ್ನಪತ್ರಿಕೆಯ ಹಿಂಬದಿ ಖಾಲಿ ಇರುತ್ತದಲ್ಲ, ಅಷ್ಟು ಜಾಗ ಸಾಕು. ಇವತ್ತು ನಾವು ಒಂದೇ ಒಂದು ಲೆಕ್ಕ ಕಲಿಯೋಣ. ಬಡ್ಡಿಯ ಲೆಕ್ಕ.

ಸಾಲ ಮಾಡಬೇಡಿ ಎಂದು ಹೇಳಲು ನಾನು ಬಂದಿಲ್ಲ. ಮಗಳ ಕಾಲೇಜು ಫೀಸು ಕಟ್ಟಬೇಕು. ಕೊಳವೆಬಾವಿ ಕೊರೆಸಬೇಕು. ಅಪ್ಪನ ಆಪರೇಷನ್ ನಾಳೆಗೇ ಆಗಬೇಕು. ಸಾಲ ಮಾಡದೆ ಸಂಸಾರ ನಡೆಸಿದವರು ನಮ್ಮಲ್ಲಿ ಎಷ್ಟು ಜನ? ನನ್ನ ತಕರಾರು ಸಾಲದ ಮೇಲಲ್ಲ. ಸಾಲದ ಬೆಲೆ ಕೇಳದೆ ತರುತ್ತೇವಲ್ಲ, ಅದರ ಮೇಲೆ. ಸೊಪ್ಪಿನ ಕಟ್ಟಿಗೆ ಐದು ರೂಪಾಯಿ ಹೆಚ್ಚು ಹೇಳಿದರೆ ಚೌಕಾಸಿ ಮಾಡುವ ನಾವು, ಲಕ್ಷ ರೂಪಾಯಿ ಸಾಲದ ಕಾಗದಕ್ಕೆ ಓದದೆ ಸಹಿ ಹಾಕಿ ಬರುತ್ತೇವೆ. ತಿಂಗಳಿಗೆ ಎಷ್ಟು ಕಟ್ಟುತ್ತೀರಿ ಎಂದು ಕೇಳಿ ನೋಡಿ, ಥಟ್ಟನೆ ಉತ್ತರ ಬರುತ್ತದೆ. ಬಡ್ಡಿ ನೂರಕ್ಕೆ ಎಷ್ಟು ಬಿತ್ತು ಎಂದು ಕೇಳಿ, ಮಾತು ನಿಲ್ಲುತ್ತದೆ.

ಆ ಬೆಲೆಯನ್ನು ಕಂಡುಹಿಡಿಯಲು ಮೂರು ಪ್ರಶ್ನೆ ಸಾಕು. ಬರೆದುಕೊಳ್ಳಿ. ಒಂದು, ಕೈಗೆ ಬಂದದ್ದು ಎಷ್ಟು? ಎರಡು, ಅದು ಕೈಯಲ್ಲಿ ಇದ್ದದ್ದು ಎಷ್ಟು ಕಾಲ? ಮೂರು, ಕೈಯಿಂದ ಒಟ್ಟು ಹೋದದ್ದು ಎಷ್ಟು? ಕಾಗದದಲ್ಲಿ ಬರೆದ ಮೊತ್ತ ಬೇಡ, ಕೈಗೆ ಬಂದ ಮೊತ್ತ ಬೇಕು. ಈ ಮೂರನ್ನು ಹಿಡಿದುಕೊಂಡು ಒಂದೊಂದೇ ಸಾಲದ ಒಳಗೆ ಹೋಗಿ ಬರೋಣ.

ಮೊದಲು ಕೈಸಾಲ. ಇಬ್ಬರು ನಿಮ್ಮ ಮುಂದೆ ಕೂತಿದ್ದಾರೆ ಎಂದುಕೊಳ್ಳಿ. ಒಬ್ಬರು ಊರಿನ ಸಾಹುಕಾರರು. ಇನ್ನೊಬ್ಬರು ಬ್ಯಾಂಕಿನವರು. ಸಾಹುಕಾರರು 'ನೂರಕ್ಕೆ ಮೂರು' ಅನ್ನುತ್ತಾರೆ. ಬ್ಯಾಂಕಿನವರು 'ಶೇಕಡ ಹನ್ನೆರಡು' ಅನ್ನುತ್ತಾರೆ. ಕಿವಿಗೆ ಮೂರೇ ಚಿಕ್ಕದಾಗಿ ಕೇಳುತ್ತದೆ. ಆದರೆ ಸಾಹುಕಾರರ ಮೂರು ತಿಂಗಳಿಗೆ. ಬ್ಯಾಂಕಿನ ಹನ್ನೆರಡು ವರ್ಷಕ್ಕೆ. ಎರಡನ್ನೂ ಒಂದೇ ಅಳತೆಗೆ ತನ್ನಿ. ತಿಂಗಳಿಗೆ ಮೂರು ಎಂದರೆ ವರ್ಷಕ್ಕೆ ಮೂವತ್ತಾರು. ಬ್ಯಾಂಕಿನ ಹನ್ನೆರಡು ಎಂದರೆ ಸಾಹುಕಾರರ ಮಾತಿನಲ್ಲಿ ನೂರಕ್ಕೆ ಒಂದು.

ಐವತ್ತು ಸಾವಿರ ರೂಪಾಯಿ ಸಾಲಕ್ಕೆ ಇದನ್ನು ಹಚ್ಚಿ ನೋಡಿ. ನೂರಕ್ಕೆ ಮೂರರಂತೆ ತಿಂಗಳಿಗೆ 1,500 ರೂಪಾಯಿ. ವರ್ಷಕ್ಕೆ 18,000. ಎರಡು ವರ್ಷ ಒಂಬತ್ತು ತಿಂಗಳು ಬಿಡದೆ ಕಟ್ಟಿದರೆ ಬಡ್ಡಿಯೇ ಅಸಲಿನ ಹತ್ತಿರಕ್ಕೆ ಬಂತು. ಅಸಲು ಮಾತ್ರ ಐವತ್ತು ಸಾವಿರವೇ. ಒಂದು ರೂಪಾಯಿಯೂ ಇಳಿದಿಲ್ಲ.

ನೂರಕ್ಕೆ ಇಷ್ಟು ಎಂದು ತಿಂಗಳಿಗೆ ಹೇಳುವ ರೂಢಿ ಇಂದಿನದಲ್ಲ. 1150ರ ಹೊತ್ತಿಗೆ ಭಾಸ್ಕರಾಚಾರ್ಯ ಬರೆದ ಲೀಲಾವತಿಯಲ್ಲಿ ಇಂಥದೇ ಲೆಕ್ಕವಿದೆ. ನೂರಕ್ಕೆ ತಿಂಗಳಿಗೆ ಐದು ಬಡ್ಡಿಯಾದರೆ, ಹದಿನಾರಕ್ಕೆ ವರ್ಷಕ್ಕೆ ಎಷ್ಟು? ಉತ್ತರ ಒಂಬತ್ತೂವರೆಗಿಂತ ಒಂದು ಚೂರು ಹೆಚ್ಚು. ಅದಕ್ಕೂ ಮುನ್ನೂರು ವರ್ಷ ಹಿಂದೆ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದ. ಆ ನೃಪತುಂಗನ ರಾಜಧಾನಿ ನಮ್ಮ ಕಲಬುರಗಿ ಜಿಲ್ಲೆಯ ಮಳಖೇಡ. ಮಹಾವೀರಾಚಾರ್ಯನ ಪುಸ್ತಕದಲ್ಲಿ ಬಡ್ಡಿಯ ಸಮಸ್ಯೆಗಳೇ ಸಾಲುಗಟ್ಟಿವೆ. ಅಸಲು, ಬಡ್ಡಿ ಎರಡೂ ಬೆರೆತ ಮೊತ್ತ ಕೊಟ್ಟು, ಬೇರ್ಪಡಿಸಿ ತೋರಿಸು ಎನ್ನುತ್ತಾನೆ. ನಿಮ್ಮ ಇಎಂಐ ಚೀಟಿಯೂ ಹೀಗೆ ಬೆರೆತ ಮೊತ್ತವೇ. ಈ ಹಳಬರು ಬಡ್ಡಿಯ ಲೆಕ್ಕಕ್ಕೆ ಪಂಚರಾಶಿಕ ಎನ್ನುತ್ತಿದ್ದರು. ಐದು ಅಂಕಿ ಗೊತ್ತಿದ್ದರೆ ಆರನೆಯದು ತಾನೇ ಸಿಗುತ್ತದೆ. ಆ ಐದರಲ್ಲಿ ಎರಡು ಅಂಕಿ ಕಾಲದವು. ನಾವು ಕೇಳಲು ಮರೆಯುವುದು ಅವನ್ನೇ.

ಇಷ್ಟು ಆಯಿತು. ತಿಂಗಳ ದರವನ್ನು ಹನ್ನೆರಡರಿಂದ ಗುಣಿಸಿ ವರ್ಷದ ದರ ಮಾಡಿಕೊಂಡೆವು. ಅದು ಸುಲಭದ ಲೆಕ್ಕ, ಏಕೆಂದರೆ ಅಲ್ಲಿ ಅಸಲು ಕೊನೆಯವರೆಗೆ ಕದಲುವುದಿಲ್ಲ. ಈಗ ಅಸಲು ತಿಂಗಳು ತಿಂಗಳು ಇಳಿಯುವ ಸಾಲಕ್ಕೆ ಬರೋಣ. ಇವತ್ತಿನ ಮಾತಿನ ತಿರುಳೂ ಇಲ್ಲಿದೆ.

ನಿಮ್ಮ ಮಗ ಬೈಕು ಕೊಳ್ಳುತ್ತಾನೆ. ಒಂದು ಲಕ್ಷ ಸಾಲ. ಮೂರು ವರ್ಷದ ಕಂತು. ಶೋರೂಮಿನಲ್ಲಿ ಕೂತ ಹುಡುಗ ಹೇಳುತ್ತಾನೆ, 'ಫ್ಲ್ಯಾಟ್ ಹತ್ತು ಪರ್ಸೆಂಟ್, ಸಾರ್.' ಅವನ ಲೆಕ್ಕ ಹೀಗೆ. ಲಕ್ಷಕ್ಕೆ ವರ್ಷಕ್ಕೆ ಹತ್ತು ಸಾವಿರ. ಮೂರು ವರ್ಷಕ್ಕೆ ಮೂವತ್ತು ಸಾವಿರ. ಒಟ್ಟು ಒಂದು ಲಕ್ಷ ಮೂವತ್ತು ಸಾವಿರ. ಅದನ್ನು ಮೂವತ್ತಾರು ತಿಂಗಳಿಗೆ ಹಂಚಿದರೆ ಕಂತು ಸುಮಾರು 3,600 ರೂಪಾಯಿ. ಕೂಡುವುದರಲ್ಲಿ, ಭಾಗಿಸುವುದರಲ್ಲಿ ತಪ್ಪಿಲ್ಲ. ತಪ್ಪಿರುವುದು ಬೇರೆ ಕಡೆ.

ನಮ್ಮ ಎರಡನೆಯ ಪ್ರಶ್ನೆ ಕೇಳಿ. ಆ ಒಂದು ಲಕ್ಷ ಕೈಯಲ್ಲಿ ಇದ್ದದ್ದು ಎಷ್ಟು ಕಾಲ? ಮೊದಲ ತಿಂಗಳು ಪೂರ್ತಿ ಒಂದು ಲಕ್ಷ ಇತ್ತು. ಒಂದು ಕಂತು ಕಟ್ಟಿದ ಮೇಲೆ ಸ್ವಲ್ಪ ಇಳಿಯಿತು. ಒಂದೂವರೆ ವರ್ಷದ ಹೊತ್ತಿಗೆ ಸುಮಾರು ಅರ್ಧವನ್ನು ನೀವು ಹಿಂದಿರುಗಿಸಿ ಆಗಿದೆ. ಕೊನೆಯ ತಿಂಗಳಲ್ಲಿ ನಿಮ್ಮ ಮೇಲಿರುವುದು ಮೂರೂವರೆ ಸಾವಿರ ಮಾತ್ರ. ಆದರೆ ಬಡ್ಡಿ? ಮೂವತ್ತಾರನೆಯ ತಿಂಗಳಲ್ಲೂ ಪೂರ್ತಿ ಒಂದು ಲಕ್ಷದ ಮೇಲೆಯೇ. ಮನೆಯ ಅರ್ಧ ಭಾಗವನ್ನು ಖಾಲಿ ಮಾಡಿ ಬೀಗದ ಕೈ ಮಾಲೀಕರಿಗೆ ಕೊಟ್ಟ ಮೇಲೂ, ಇಡೀ ಮನೆಗೆ ಬಾಡಿಗೆ ಎಣಿಸಿದ ಹಾಗಾಯಿತು ಇದು.

ಹಾಗಾದರೆ ನಿಜವಾದ ದರ ಎಷ್ಟು? ಇದಕ್ಕೆ ನಾನು ಅರ್ಧದ ಲೆಕ್ಕ ಎನ್ನುತ್ತೇನೆ. ಸಮನಾದ ಕಂತಿನಲ್ಲಿ ತೀರುವ ಸಾಲದಲ್ಲಿ, ಒಟ್ಟು ಅವಧಿಗೆ ಸರಾಸರಿ ಹಿಡಿದರೆ, ನಿಮ್ಮ ಕೈಯಲ್ಲಿದ್ದದ್ದು ಹೆಚ್ಚು ಕಡಿಮೆ ಅರ್ಧ ಹಣ. ಇಲ್ಲಿ ಐವತ್ತು ಸಾವಿರ. ಹೆಚ್ಚು ಕೊಟ್ಟದ್ದು ಮೂರು ವರ್ಷಕ್ಕೆ ಮೂವತ್ತು ಸಾವಿರ. ಅಂದರೆ ವರ್ಷಕ್ಕೆ ಹತ್ತು ಸಾವಿರ. ಐವತ್ತು ಸಾವಿರಕ್ಕೆ ಹತ್ತು ಸಾವಿರ ಎಂದರೆ ನೂರಕ್ಕೆ ಇಪ್ಪತ್ತು. ನಿಜವಾಗಿ ಕೈಯಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ. ಆದ್ದರಿಂದ ಬಂದ ಉತ್ತರದಲ್ಲಿ ಹತ್ತರಲ್ಲಿ ಒಂದು ಪಾಲು ತಗ್ಗಿಸಿ. ಹದಿನೆಂಟು. ಕಂಪ್ಯೂಟರಿನಲ್ಲಿ ಕರಾರುವಾಕ್ಕಾಗಿ ಮಾಡಿದರೂ ಹದಿನೆಂಟರ ಹತ್ತಿರವೇ ಬರುತ್ತದೆ.

ಹತ್ತು ಎಂದದ್ದು ಹದಿನೆಂಟು. ಅದೇ ಬೀದಿಯ ಬ್ಯಾಂಕು ಉಳಿದ ಅಸಲಿನ ಮೇಲೆ ಮಾತ್ರ ಹನ್ನೆರಡರ ಬಡ್ಡಿ ಹಾಕುತ್ತೇನೆ ಎಂದರೆ, ಹತ್ತಕ್ಕಿಂತ ಹನ್ನೆರಡು ಹೆಚ್ಚು ಎಂದು ಎದ್ದು ಬರಬೇಡಿ. ಆ ಹನ್ನೆರಡು ಈ ಹತ್ತಕ್ಕಿಂತ ಬಹಳ ಅಗ್ಗ. ಮಗನಿಗೆ ಒಂದು ಮಾತು ಹೇಳಿಕೊಡಿ: ಫ್ಲ್ಯಾಟ್ ದರ ಕಿವಿಗೆ ಬಿದ್ದರೆ ದುಪ್ಪಟ್ಟು ಮಾಡಿ, ಸ್ವಲ್ಪ ಇಳಿಸಿಕೊಳ್ಳಬೇಕು.

ಈ ಅರ್ಧದ ಲೆಕ್ಕ ಮೂರು, ನಾಲ್ಕು ವರ್ಷದೊಳಗಿನ ಕಂತಿನ ಸಾಲಗಳಿಗೆ ಚೆನ್ನಾಗಿ ಒಗ್ಗುತ್ತದೆ. ಇಪ್ಪತ್ತು ವರ್ಷದ ಮನೆ ಸಾಲಕ್ಕೆ ಬೇಡ. ಅದರ ಮಾತು ಆಮೇಲೆ.

ಈವರೆಗೆ ಎರಡು ಸಂಗತಿ ಹೇಳಿದೆ. ತಿಂಗಳ ದರವನ್ನು ವರ್ಷಕ್ಕೆ ತರುವುದು ಒಂದು. ಕಂತಿನ ಸಾಲದಲ್ಲಿ ಅರ್ಧ ಹಣಕ್ಕೆ ಬಡ್ಡಿ ಎಣಿಸುವುದು ಇನ್ನೊಂದು. ಈಗ ಮೊದಲ ಪ್ರಶ್ನೆಗೆ ಹೋಗೋಣ. ಕೈಗೆ ಬಂದದ್ದು ಎಷ್ಟು?

ಮಾರುಕಟ್ಟೆಯಲ್ಲಿ ಬೆಳಗಿನ ಜಾವ ನಾಲ್ಕು ಗಂಟೆಗೆ ತರಕಾರಿ ಎತ್ತುವ ಒಬ್ಬ ಹೆಂಗಸನ್ನು ನೆನೆಯಿರಿ. ತಳ್ಳುಗಾಡಿ ಅವಳದು. ಬಂಡವಾಳ ಅವಳದಲ್ಲ. ದಿನದ ಬಡ್ಡಿಯವನು ಹತ್ತು ಸಾವಿರದ ಸಾಲ ಕೊಡುತ್ತಾನೆ. ಕೊಡುವಾಗಲೇ ಸಾವಿರ ಹಿಡಿದುಕೊಂಡು ಒಂಬತ್ತು ಸಾವಿರ ಕೈಗಿಡುತ್ತಾನೆ. ದಿನಕ್ಕೆ ನೂರರಂತೆ ನೂರು ದಿನ ಕಟ್ಟಬೇಕು. ಸಂಜೆ ಅವನೇ ಬಂದು ಪುಟ್ಟ ಪುಸ್ತಕದಲ್ಲಿ ಗುರುತು ಹಾಕಿ ಹೋಗುತ್ತಾನೆ. 'ಹತ್ತು ಸಾವಿರಕ್ಕೆ ಸಾವಿರ ತಾನೇ, ನೂರಕ್ಕೆ ಹತ್ತು' ಎಂದು ಅವಳು ಅಂದುಕೊಂಡಿದ್ದಾಳೆ.

ನಾವು ಮೂರು ಪ್ರಶ್ನೆ ಕೇಳೋಣ. ಕೈಗೆ ಬಂದದ್ದು ಒಂಬತ್ತು ಸಾವಿರ, ಹತ್ತಲ್ಲ. ದಿನ ದಿನವೂ ಇಳಿಯುವ ಸಾಲ, ಆದ್ದರಿಂದ ಸರಾಸರಿ ಕೈಯಲ್ಲಿದ್ದದ್ದು ಅದರ ಅರ್ಧ. ನಾಲ್ಕೂವರೆ ಸಾವಿರ. ಕೈಯಿಂದ ಹೋದದ್ದು ಹತ್ತು ಸಾವಿರ, ಅಂದರೆ ಹೆಚ್ಚು ಕೊಟ್ಟದ್ದು ಸಾವಿರ. ನಾಲ್ಕೂವರೆ ಸಾವಿರಕ್ಕೆ ಸಾವಿರ ಎಂದರೆ ನೂರಕ್ಕೆ ಇಪ್ಪತ್ತೆರಡು. ಅದೂ ವರ್ಷಕ್ಕಲ್ಲ, ನೂರು ದಿನಕ್ಕೆ. ವರ್ಷದಲ್ಲಿ ಇಂಥ ನೂರು ದಿನಗಳು ಮೂರೂವರೆಗಿಂತ ಹೆಚ್ಚು ಸಲ ಬರುತ್ತವೆ. ಗುಣಿಸಿ ನೋಡಿ. ಎಂಬತ್ತರ ಆಸುಪಾಸು. ಅವಳು ಹತ್ತು ಎಂದುಕೊಂಡದ್ದು ಎಂಬತ್ತು.

ಸಾಲ ತೀರಿದ ದಿನವೇ ಅವಳು ಮತ್ತೊಂದು ಎತ್ತುತ್ತಾಳೆ. ವರ್ಷಕ್ಕೆ ಮೂರೂವರೆ ಸಾವಿರ ದಾಟಿದ ಬಡ್ಡಿ. ಅದಕ್ಕೆ ಪ್ರತಿಯಾಗಿ ವರ್ಷವಿಡೀ ಅವಳ ಕೈಯಲ್ಲಿದ್ದ ಹಣ ಸರಾಸರಿ ನಾಲ್ಕೂವರೆ ಸಾವಿರ.

ದಿನಕ್ಕೆ ನೂರು ಕಟ್ಟುವ ತಾಕತ್ತು ಅವಳಿಗಿದೆ. ಅದನ್ನೇ ತೊಂಬತ್ತು ದಿನ ಕೂಡಿಟ್ಟರೆ ಒಂಬತ್ತು ಸಾವಿರ ಅವಳದೇ ಬಂಡವಾಳವಾಗುತ್ತದೆ ಎಂದು ಸಭೆಗಳಲ್ಲಿ ಹೇಳುವುದುಂಟು. ಹೇಳುವುದು ಸುಲಭ. ಆ ತೊಂಬತ್ತು ದಿನ ಗಾಡಿಗೆ ತರಕಾರಿ ಎಲ್ಲಿಂದ ಬರಬೇಕು? ದಿನದ ಬಡ್ಡಿಯವನು ಮಾರುವುದು ಬರೀ ಹಣವನ್ನಲ್ಲ. ಜಾಮೀನು ಕೇಳುವುದಿಲ್ಲ, ಫಾರಂ ತುಂಬಿಸುವುದಿಲ್ಲ, ನಾಳೆ ಬಾ ಎನ್ನುವುದಿಲ್ಲ. ಅವನ ಬಡ್ಡಿಯ ಒಂದು ಪಾಲು ಈ ಸುಲಭಕ್ಕೆ ತೆತ್ತ ಬೆಲೆ. ಹಾಗಾಗಿ ನನ್ನ ಸಲಹೆ ಸಣ್ಣದು. ನೂರು ಕಟ್ಟುವ ಜೊತೆಗೆ ಇಪ್ಪತ್ತೈದು ಬೇರೆ ಡಬ್ಬಿಗೆ ಹಾಕಲಿ. ನೂರು ದಿನಕ್ಕೆ ಎರಡೂವರೆ ಸಾವಿರ. ಮುಂದಿನ ಸಲ ಅಷ್ಟು ಕಡಿಮೆ ಸಾಲ ಎತ್ತಲಿ. ನಾಲ್ಕೈದು ಸುತ್ತಿನಲ್ಲಿ ಆ ಪುಟ್ಟ ಪುಸ್ತಕ ಬೇಕಾಗುವುದಿಲ್ಲ.

ಕಾನೂನು ಏನು ಹೇಳುತ್ತದೆ ಎಂದು ಕೇಳುವವರಿಗೆ ಚುಟುಕಾಗಿ ಹೇಳುತ್ತೇನೆ. ಕರ್ನಾಟಕದಲ್ಲಿ ಲೇವಾದೇವಿ ನಡೆಸಲು 1961ರ ಕಾಯ್ದೆಯಂತೆ ಪರವಾನಗಿ ಬೇಕು. ಒತ್ತೆ ಇಟ್ಟ ಸಾಲಕ್ಕೆ ವರ್ಷಕ್ಕೆ ಶೇಕಡ 14, ಒತ್ತೆ ಇಲ್ಲದ ಸಾಲಕ್ಕೆ ಶೇಕಡ 16 ಎಂದು ಸರ್ಕಾರ ಮಿತಿ ಹಾಕಿದೆ. ಮಿತಿಮೀರಿದ ಬಡ್ಡಿಯನ್ನು ತಡೆಯಲೆಂದೇ 2004ರಲ್ಲಿ ಇನ್ನೊಂದು ಕಾಯ್ದೆ ಬಂತು. ಕಿರುಸಾಲ ವಸೂಲಿಯ ಹೆಸರಿನಲ್ಲಿ ಮನೆಬಾಗಿಲಲ್ಲಿ ಬೆದರಿಸುವವರ ವಿರುದ್ಧ 2025ರಲ್ಲಿ ಮತ್ತೊಂದು ಕಾನೂನು ಬಂತು. ಹದಿನಾರೆಲ್ಲಿ, ಎಂಬತ್ತೆಲ್ಲಿ? ಕಾನೂನು ಪುಸ್ತಕದಲ್ಲಿದೆ, ಲೆಕ್ಕ ಬಾರದವರ ನೆರವಿಗೆ ಅದು ತಾನಾಗಿ ಬರುವುದಿಲ್ಲ.

ಸಾಹುಕಾರರ ಬಡ್ಡಿಯ ಕಾಟ ಹೊಸದೇನೂ ಅಲ್ಲ, ಅದಕ್ಕೆ ಊರಿನವರೇ ಕಂಡುಕೊಂಡ ದಾರಿಯೂ ಹೊಸದಲ್ಲ. 1905ರಲ್ಲಿ, ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣ ರಾಮನಗೌಡ ಪಾಟೀಲರು ಊರಿನ ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರು. ದೇಶದ ಮೊದಮೊದಲ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ಅದೂ ಒಂದು. ಇವತ್ತಿಗೂ ನಮ್ಮ ಹಳ್ಳಿಯ ಸೊಸೈಟಿಯಲ್ಲಿ ಬೆಳೆ ಸಾಲಕ್ಕೆ ಸರ್ಕಾರ ಬಡ್ಡಿ ತುಂಬುತ್ತದೆ. ಗಡುವಿನೊಳಗೆ ಕಟ್ಟಿದರೆ ರೈತನಿಗೆ ಬಡ್ಡಿ ಸೊನ್ನೆ. ಗಡುವು ದಾಟಿದರೆ ಆ ಸೊನ್ನೆ ಇಲ್ಲ. ಸೊಸೈಟಿಯ ಗಡುವು ತಪ್ಪಬಾರದೆಂದು ನಾಲ್ಕು ದಿನದ ಮಟ್ಟಿಗೆ ಹೊರಗೆ ಸಾಲ ತಂದು ಕಟ್ಟಿ, ಮತ್ತೆ ಸೊಸೈಟಿಯಲ್ಲಿ ಎತ್ತಿ ತೀರಿಸುವವರಿದ್ದಾರೆ. ಆ ನಾಲ್ಕು ದಿನದ ಬಡ್ಡಿಯನ್ನೂ ಲೆಕ್ಕಕ್ಕೆ ಹಿಡಿಯಿರಿ ಎಂದಷ್ಟೇ ಹೇಳುತ್ತೇನೆ.

ಸರಿ. ತಿಂಗಳಿನಿಂದ ವರ್ಷಕ್ಕೆ, ಪೂರ್ತಿಯಿಂದ ಅರ್ಧಕ್ಕೆ, ಬರೆದ ಮೊತ್ತದಿಂದ ಕೈಗೆ ಬಂದ ಮೊತ್ತಕ್ಕೆ, ಇಷ್ಟು ದೂರ ಬಂದೆವು. ಈಗ ನಮ್ಮ ಹೆಂಗಸರು ಬಹುವಾಗಿ ನೆಚ್ಚಿರುವ ಚೀಟಿಯ ಮಾತು. ಚೀಟಿಗೆ ಬಡ್ಡಿ ಎಲ್ಲಿದೆ ಎಂದು ಕೇಳುತ್ತೀರಿ. ಇದೆ. ಹೆಸರು ಬೇರೆ, ಅಷ್ಟೆ.

ಇಪ್ಪತ್ತು ಜನ, ತಿಂಗಳಿಗೆ ಐದು ಸಾವಿರ, ಒಂದು ಲಕ್ಷದ ಚೀಟಿ. ಮೊದಲ ತಿಂಗಳೇ ಮದುವೆಯ ಖರ್ಚು ಎದುರಾದವರು ಹರಾಜಿನ ಕೂಗಿನಲ್ಲಿ ಮೂವತ್ತು ಸಾವಿರ ಬಿಟ್ಟುಕೊಟ್ಟು ಚೀಟಿ ಎತ್ತಿದರು ಎನ್ನೋಣ. ಅದರಲ್ಲಿ ಐದು ಸಾವಿರ ಚೀಟಿ ನಡೆಸುವವರ ಕಮಿಷನ್. ಮಿಕ್ಕದ್ದು ಸದಸ್ಯರಿಗೆ ಹಂಚಿಕೆ. ಎತ್ತಿದವರಿಗೆ ಎಪ್ಪತ್ತು ಸಾವಿರ. ಆ ತಿಂಗಳ ತಮ್ಮ ಐದು ಸಾವಿರ ಕಳೆದರೆ, ಕೈಗೆ ಬಂದದ್ದು ಅರವತ್ತೈದು ಸಾವಿರ. ಇನ್ನು ಹತ್ತೊಂಬತ್ತು ತಿಂಗಳು ಕಟ್ಟಬೇಕು. ಹಂಚಿಕೆ ಕಳೆದು ತಿಂಗಳಿಗೆ ಸರಾಸರಿ 4,300 ಬೀಳಬಹುದು. ಒಟ್ಟು ಸುಮಾರು ಎಂಬತ್ತೆರಡು ಸಾವಿರ. ಅರ್ಧದ ಲೆಕ್ಕ ಹಾಕಿ, ಹತ್ತರಲ್ಲೊಂದು ತಗ್ಗಿಸಿ. ವರ್ಷಕ್ಕೆ ನೂರಕ್ಕೆ ಇಪ್ಪತ್ತೊಂಬತ್ತರ ಹತ್ತಿರ.

ಅದೇ ಚೀಟಿಯಲ್ಲಿ ಕೊನೆಯವರೆಗೆ ಕಾದವರ ಕಥೆ ಬೇರೆ. ಅವರು ಸುಮಾರು ಎಂಬತ್ತೇಳು ಸಾವಿರ ಕಟ್ಟಿ, ಕೊನೆಗೆ ತೊಂಬತ್ತೈದು ಸಾವಿರ ಪಡೆಯುತ್ತಾರೆ. ಅವರಿಗೆ ಸಿಕ್ಕ ಬಡ್ಡಿ ವರ್ಷಕ್ಕೆ ಹನ್ನೆರಡರ ಸುತ್ತಮುತ್ತ. ಇಪ್ಪತ್ತೊಂಬತ್ತು ತೆತ್ತವರಿಗೂ ಹನ್ನೆರಡು ಪಡೆದವರಿಗೂ ನಡುವಿನ ಅಂತರದಲ್ಲಿ ಕಮಿಷನ್ ಇದೆ, ನಡುವೆ ಎತ್ತಿದ ಹದಿನೆಂಟು ಜನರಿದ್ದಾರೆ. ಚೀಟಿ ಮೋಸವಲ್ಲ. ಮೊದಲು ಎತ್ತುವವರಿಗೆ ಅದು ದುಬಾರಿ ಸಾಲ, ಕೊನೆಗೆ ಎತ್ತುವವರಿಗೆ ಒಳ್ಳೆಯ ಉಳಿತಾಯ. ನೀವು ಯಾವ ತುದಿಯಲ್ಲಿ ಕೂತಿದ್ದೀರಿ ಎಂಬುದನ್ನು ಸೇರುವಾಗಲೇ ತೀರ್ಮಾನಿಸಿ. ಮತ್ತೊಂದು ಮಾತು. ಹನ್ನೆರಡು ಸಿಗುವುದು ನಡೆಸುವವರು ಕೊನೆಯ ತಿಂಗಳೂ ಊರಿನಲ್ಲಿದ್ದರೆ ಮಾತ್ರ. 1982ರ ಚಿಟ್ ಫಂಡ್ ಕಾಯ್ದೆಯಂತೆ ನೋಂದಾಯಿಸಿದ ಚೀಟಿಯೇ ಎಂದು ಕೇಳಿ. ಪಕ್ಕದ ಮನೆಯವರೇ ಆದರೂ ಕೇಳಿ.

ಚೀಟಿಯಲ್ಲಿ ಬಡ್ಡಿ ಮಾರುವೇಷದಲ್ಲಿತ್ತು. ಕ್ರೆಡಿಟ್ ಕಾರ್ಡಿನಲ್ಲಿ ಅದು ಬಿಲ್ಲಿನ ಮೇಲೆಯೇ ಅಚ್ಚಾಗಿರುತ್ತದೆ. ಆದರೂ ನಮ್ಮ ಕಣ್ಣು 'ಮಿನಿಮಮ್ ಡ್ಯೂ' ಎಂಬ ಸಣ್ಣ ಮೊತ್ತದ ಮೇಲೆ ನಿಲ್ಲುತ್ತದೆ. ಐವತ್ತು ಸಾವಿರ ಬಾಕಿ ಇದೆ ಎನ್ನಿ. ಕನಿಷ್ಠ ನೂರಕ್ಕೆ ಐದರಂತೆ ಎರಡೂವರೆ ಸಾವಿರ ಕಟ್ಟಿ ನಿಟ್ಟುಸಿರು ಬಿಡುತ್ತೀರಿ. ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿಯಾದರೆ 1,750 ರೂಪಾಯಿ. ಆ ಬಡ್ಡಿಯ ಮೇಲೆ ಶೇಕಡ 18ರ ಜಿಎಸ್‌ಟಿ, ಮುನ್ನೂರು ಚಿಲ್ಲರೆ. ಎರಡೂವರೆ ಸಾವಿರದಲ್ಲಿ ಅಸಲಿಗೆ ಹೋದದ್ದು ನಾನೂರು ಚಿಲ್ಲರೆ ಮಾತ್ರ. ತೆರಿಗೆ ಸೇರಿಸಿದರೆ ವರ್ಷಕ್ಕೆ ನೂರಕ್ಕೆ ಐವತ್ತರ ಹತ್ತಿರ. ಹವಾನಿಯಂತ್ರಿತ ಮಾಲಿನಲ್ಲಿ ಕಾರ್ಡು ಉಜ್ಜುವವರು ನೂರಕ್ಕೆ ಮೂರರ ಸಾಹುಕಾರರನ್ನು ಕಂಡು ಮೂಗು ಮುರಿಯಬೇಕಾಗಿಲ್ಲ. ಪೂರ್ತಿ ಬಾಕಿಯನ್ನು ಗಡುವಿನೊಳಗೆ ಕಟ್ಟುವವರಿಗೆ ಕಾರ್ಡು ಪುಕ್ಕಟೆ ಸಾಲ. ಕನಿಷ್ಠ ಕಟ್ಟುವವರಿಗೆ ಅದು ಕರ್ನಾಟಕದ ದುಬಾರಿ ಸಾಲಗಳಲ್ಲಿ ಒಂದು.

ಮನೆ ಸಾಲದ ಮಾತು ಆಮೇಲೆ ಎಂದಿದ್ದೆ. ಅಲ್ಲಿ ದರ ನೇರವಾಗಿಯೇ ಇರುತ್ತದೆ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ. ಅಲ್ಲಿನ ತೊಂದರೆ ಕಾಲದ್ದು. ಇಪ್ಪತ್ತು ಲಕ್ಷ, ಶೇಕಡ 9, ಇಪ್ಪತ್ತು ವರ್ಷ. ಕಂತು ಸುಮಾರು ಹದಿನೆಂಟು ಸಾವಿರ. ಮೊದಲ ಕಂತಿನಲ್ಲಿ ಹದಿನೈದು ಸಾವಿರ ಬಡ್ಡಿ, ಮೂರು ಸಾವಿರ ಅಸಲು. ಹತ್ತು ವರ್ಷ ಕಟ್ಟಿ, ಅರ್ಧ ದಾರಿ ಬಂದೆವು ಎಂದುಕೊಂಡಾಗ ಇನ್ನೂ ಹದಿನಾಲ್ಕು ಲಕ್ಷ ಬಾಕಿ. ಬ್ಯಾಂಕಿನವರು ಕದ್ದದ್ದಲ್ಲ. ಆರಂಭದಲ್ಲಿ ದೊಡ್ಡ ಮೊತ್ತ ನಿಮ್ಮ ಹತ್ತಿರ ಇತ್ತು, ಅದಕ್ಕೆ ದೊಡ್ಡ ಬಡ್ಡಿ. ಆದ್ದರಿಂದಲೇ ಆರಂಭದಲ್ಲಿ ಕಟ್ಟುವ ಹೆಚ್ಚಿನ ಹಣಕ್ಕೆ ಬೆಲೆ ಜಾಸ್ತಿ. ವರ್ಷಕ್ಕೆ ಒಂದು ಕಂತು ಹೆಚ್ಚಾಗಿ ಕಟ್ಟುತ್ತಾ ಹೋದರೆ ಮೂರೂವರೆ ವರ್ಷ ಮೊದಲೇ ಋಣ ಹರಿಯುತ್ತದೆ. ಬದಲಾಗುವ ಬಡ್ಡಿದರದ ಮನೆ ಸಾಲವನ್ನು ವ್ಯಕ್ತಿಯೊಬ್ಬರು ಮುಂಚಿತವಾಗಿ ತೀರಿಸಿದರೆ ದಂಡ ಹಾಕಬಾರದೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಬೇರೆ ದುಬಾರಿ ಸಾಲ ಇಲ್ಲದಿದ್ದರೆ, ದಸರಾ ಬೋನಸ್ಸಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಸಾಲಗಳ ಲೆಕ್ಕ ಇಷ್ಟಾಯಿತು. ಈಗ ಲಗ್ನಪತ್ರಿಕೆಯ ಹಿಂಬದಿಯಲ್ಲಿ ನಡುವೆ ಒಂದು ಗೆರೆ ಎಳೆಯಿರಿ. ಎಡಕ್ಕೆ ನಿಮ್ಮ ಹಣ ಎಲ್ಲೆಲ್ಲಿದೆ, ಯಾವ ದರಕ್ಕೆ ಎಂದು ಬರೆಯಿರಿ. ಬಲಕ್ಕೆ ನಿಮ್ಮ ಸಾಲ ಎಲ್ಲೆಲ್ಲಿದೆ, ಯಾವ ದರಕ್ಕೆ ಎಂದು ಬರೆಯಿರಿ. ಎರಡೂ ವರ್ಷದ ದರದಲ್ಲೇ ಇರಲಿ. ಬಹಳ ಮನೆಗಳಲ್ಲಿ ಎಡಗಡೆ ಒಂದು ಲಕ್ಷದ ಠೇವಣಿ ಶೇಕಡ 7ಕ್ಕೆ ಮಲಗಿರುತ್ತದೆ. ಬಲಗಡೆ ಒಂದು ಲಕ್ಷದ ಕೈಸಾಲ ನೂರಕ್ಕೆ ಎರಡರಂತೆ, ಅಂದರೆ ಶೇಕಡ 24ಕ್ಕೆ ಎದ್ದು ಕೂತಿರುತ್ತದೆ. ಏಳು ಸಾವಿರ ಬಂತು, ಇಪ್ಪತ್ನಾಲ್ಕು ಸಾವಿರ ಹೋಯಿತು. ಠೇವಣಿ ಮುರಿಯಬಾರದು ಎಂಬ ಹಿರಿಯರ ಮಾತಿಗೆ ವರ್ಷಕ್ಕೆ ಹದಿನೇಳು ಸಾವಿರ ತೆರುತ್ತಿದ್ದೀರಿ. ಮುರಿಯಲು ಮನಸ್ಸೇ ಇಲ್ಲವೇ? ಅದೇ ಠೇವಣಿಯ ಮೇಲೆ ಬ್ಯಾಂಕು ಸಾಲ ಕೊಡುತ್ತದೆ. ಠೇವಣಿಯ ಬಡ್ಡಿಗಿಂತ ಸಾಮಾನ್ಯವಾಗಿ ಒಂದೆರಡು ಹೆಚ್ಚು, ಅಷ್ಟೆ. ಬೀರುವಿನಲ್ಲಿರುವ ಒಡವೆಗೂ ಇದೇ ಮಾತು. ಬ್ಯಾಂಕಿನಲ್ಲಿ ಅಡವಿಟ್ಟು ತಂದ ಸಾಲ ಕೈಸಾಲದ ಅರ್ಧ ಬೆಲೆಗೂ ಕಡಿಮೆಗೆ ಸಿಗುತ್ತದೆ. ಒಡವೆ ಅಡವಿಡುವುದು ಅವಮಾನ ಎಂದು ಕೈಸಾಲ ಮಾಡುವ ಮರ್ಯಾದಸ್ಥರನ್ನು ಕಂಡರೆ ನನಗೆ ಮರುಕವಾಗುತ್ತದೆ.

ಬಲಗಡೆಯ ಸಾಲಗಳಲ್ಲಿ ಯಾವುದನ್ನು ಮೊದಲು ತೀರಿಸಬೇಕು? ದೊಡ್ಡ ಮೊತ್ತದ್ದಲ್ಲ. ದೊಡ್ಡ ದರದ್ದು. ಮನೆ ಸಾಲದ ಹದಿನಾಲ್ಕು ಲಕ್ಷ ನಿದ್ದೆ ಕೆಡಿಸುತ್ತದೆ, ಕಾರ್ಡಿನ ಐವತ್ತು ಸಾವಿರ ಕೆಡಿಸುವುದಿಲ್ಲ. ಮೊದಲು ಕಾರ್ಡನ್ನೇ ತೀರಿಸಿ.

ಕೊನೆಗೆ ಒಂದು ಕೋರಿಕೆ. 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳು, ಹಣಕಾಸು ಕಂಪನಿಗಳು ಹೊಸದಾಗಿ ಕೊಡುವ ಚಿಲ್ಲರೆ ಸಾಲಗಳಿಗೆ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಎಂಬ ಹಾಳೆ ಕೊಡಲೇಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿದೆ. ಸಾಲ ಪಡೆಯುವವರಿಗೆ ಅರ್ಥವಾಗುವ ಭಾಷೆಯಲ್ಲಿ ಅದು ಇರಬೇಕು. ಅದರಲ್ಲಿ 'ಎಪಿಆರ್' ಎಂಬ ಒಂದು ಅಂಕಿ ಇರುತ್ತದೆ. ಬಡ್ಡಿ, ಪ್ರೊಸೆಸಿಂಗ್ ಶುಲ್ಕ, ಸಾಲದ ಜೊತೆಗೆ ಅಂಟಿಸಿದ ವಿಮೆ, ಎಲ್ಲವನ್ನೂ ಸೇರಿಸಿದ ವರ್ಷದ ದರ ಅದು. ಇಷ್ಟು ಹೊತ್ತು ನಾವು ಅರ್ಧ ಅರ್ಧ ಎಂದು ಹುಡುಕಿದ್ದು ಇದನ್ನೇ. ಸಹಿ ಹಾಕುವ ಮೊದಲು ಆ ಹಾಳೆ ಕೇಳಿ. ಕನ್ನಡದಲ್ಲಿ ಕೇಳಿ. ಕಂತು ಎಷ್ಟು ಎಂದು ಅವರು ಮೊದಲು ಹೇಳಲು ಬಂದರೆ, ಎಪಿಆರ್ ಎಷ್ಟು ಎಂದು ನೀವು ಮೊದಲು ಕೇಳಿ.

ಅಂಗಡಿಯ ಸೊನ್ನೆ ಬಡ್ಡಿಯ ಕಂತಿನ ವಿಷಯ ಬಿಟ್ಟೆ ಎಂದು ಕೆಲವರಿಗೆ ಅನಿಸಿರಬಹುದು. ಸೊನ್ನೆ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಬರೆದಿತ್ತು. ಆ ಕಂತಿನ ಲೆಕ್ಕವನ್ನು ನಿಮಗೆ ಮನೆಗೆಲಸವಾಗಿ ಬಿಡುತ್ತೇನೆ. ಫ್ರಿಜ್ಜಿನ ಬೆಲೆ ಮೂವತ್ತು ಸಾವಿರ. ಸೊನ್ನೆ ಬಡ್ಡಿಯಲ್ಲಿ ತಿಂಗಳಿಗೆ ಮೂರು ಸಾವಿರದಂತೆ ಹತ್ತು ಕಂತು. ನಗದು ಕೊಟ್ಟರೆ ಅದೇ ಅಂಗಡಿಯವರು ಇಪ್ಪತ್ತೇಳು ಸಾವಿರಕ್ಕೆ ಕೊಡುತ್ತಾರೆ. ಹಾಗಾದರೆ ಆ ಸೊನ್ನೆಯ ದರ ವರ್ಷಕ್ಕೆ ನೂರಕ್ಕೆ ಎಷ್ಟು? ಮೂರು ಪ್ರಶ್ನೆ ಕೇಳಿ, ಅರ್ಧದ ಲೆಕ್ಕ ಹಾಕಿ, ಹತ್ತರಲ್ಲೊಂದು ತಗ್ಗಿಸಿ. ಉತ್ತರ ಇಪ್ಪತ್ನಾಲ್ಕರ ಆಸುಪಾಸು ಬಂದರೆ ನಿಮ್ಮ ಲೆಕ್ಕ ಸರಿ.